ಮುರಿಯದ ಗೋಣಿನ ಇತಿಹಾಸ: ಸಾಸ್ತೂರಿನ ಭೂಕಂಪ ಮತ್ತು ಉಳುಕಿನ ಚಿಕಿತ್ಸೆ

ಇವತ್ತಿನ ನನ್ನ ಮಾತು ಒಂದು ಪ್ರಶ್ನೆಯಿಂದ ಶುರುವಾಗ್ತದೆ. ಪ್ರಶ್ನೆ ನನ್ನದಲ್ಲ, ನಮ್ಮ ಆಯಿಯದು: "ಎಲುಬು ಮುರದಿಲ್ಲ ಅಂತಾರ. ಮತ್ತ ಗೋಣ ಯಾಕ ತಿರಗವಲ್ದು?" ಭೂಕಂಪದ ಮಣ್ಣಿನಡಿಯಿಂದ ಹೊರಬಂದ ಮೇಲೆ ಅವಳು ವರ್ಷಗಟ್ಟಲೆ ಇದನ್ನೇ ಕೇಳುತ್ತಿದ್ದಳು.

ಸಾಸ್ತೂರ ಆಗ ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾ ತಾಲ್ಲೂಕಿನ ಊರು. ಹೈದರಾಬಾದ್ ರಾಜ್ಯದಲ್ಲಿದ್ದ ಈ ಭಾಗ 1956ರಲ್ಲಿ ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ನಮ್ಮಂಥ ಕುಟುಂಬಗಳಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. 1993ರ ಸೆಪ್ಟೆಂಬರ್ 30ರ ನಸುಕಿನ 3.56ಕ್ಕೆ ಕಿಲ್ಲಾರಿ ಸುತ್ತಮುತ್ತ ನೆಲ ನಡುಗಿತು. ತೀವ್ರತೆ 6.2. ಗಣಪತಿ ಕಳಿಸಿ ಬಂದು ಜನ ಗಾಢ ನಿದ್ದೆಯಲ್ಲಿದ್ದರು. ಸತ್ತವರು ಹತ್ತಿರಹತ್ತಿರ 10 ಸಾವಿರ.

ಇಷ್ಟು ಸಾವಿಗೆ ಕಾರಣ ಮನೆಗಳೇ. ಮಣ್ಣಿನ ಗಾರೆಯಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಕಟ್ಟಿಗೆ ಹಾಸಿ ವರ್ಷವರ್ಷ ಮಣ್ಣೇರಿಸಿದ ಮಾಳಿಗೆ. ಮಲಗಿದವರ ತಲೆ, ಗೋಣಿನ ಮೇಲೆಯೇ ಭಾರ ಬಿತ್ತು. ಆಮೇಲೆ ಕೈಗೆ ಸಿಕ್ಕ ರಟ್ಟೆ ಹಿಡಿದು ಎಳೆದು ಉಳಿಸಿದರು. ಬೇರೆ ದಾರಿಯೂ ಇರಲಿಲ್ಲ.

ನಾನು ಓದಿದ ವರದಿಗಳಲ್ಲಿ ಸತ್ತವರ ಲೆಕ್ಕ ಇದೆ, ಬಿದ್ದ ಮನೆಗಳ ಲೆಕ್ಕ ಇದೆ, ಪೂರ್ತಿ ಸ್ಥಳಾಂತರಗೊಂಡ 52 ಹಳ್ಳಿಗಳ ಲೆಕ್ಕ ಇದೆ. ಉಳುಕಿದ ಗೋಣಿನ ಲೆಕ್ಕ ಇಲ್ಲ. ಕಾರಣ ಸರಳ. ಕುತ್ತಿಗೆಯ 7 ಎಲುಬುಗಳನ್ನು ಒಂದಕ್ಕೊಂದು ಬಿಗಿದಿಡುವುದು ಲಿಗಮೆಂಟು ಎಂಬ ಗಟ್ಟಿ ನಾರಿನ ಪಟ್ಟಿಗಳು. ಅವು ಮಿತಿಮೀರಿ ಜಗ್ಗಿದರೆ ಅಥವಾ ತುಸು ಹರಿದರೆ ಅದೇ ಉಳುಕು. ಎಕ್ಸ್‌ರೇಯಲ್ಲಿ ಕಾಣುವುದು ಎಲುಬು, ಲಿಗಮೆಂಟಲ್ಲ. ಹಾಗಾಗಿ ಆಯಿಯ ನೋವು ಚಿತ್ರದಲ್ಲೂ ಇಲ್ಲ, ಕಾಗದದಲ್ಲೂ ಇಲ್ಲ.

ಅವಳಿಗೆ ಸಿಕ್ಕ ಚಿಕಿತ್ಸೆ ಒಂದು ಪಟ್ಟಿ, ಅಂದರೆ ಕಾಲರ್. ಅದನ್ನು ಯಾವಾಗ ತೆಗೀಬೇಕು ಅಂತ ಯಾರೂ ಹೇಳಲಿಲ್ಲ. ತಗಡಿನ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಹಾಕಿಕೊಂಡೇ ಇದ್ದಳು. ಗೋಣು ಕಟ್ಟಿಗೆಯಾಯಿತು.

ಅಲುಗದಂತೆ ಕಟ್ಟುವ ಪದ್ಧತಿ ಹಳೆಯದು. ಸುಶ್ರುತ ಸಂಹಿತೆ ಕುತ್ತಿಗೆ ಜಾರಿದವನನ್ನು ಕಟ್ಟಿ, ಏಳು ರಾತ್ರಿ ಅಂಗಾತ ಮಲಗಿಸಲು ಹೇಳುತ್ತದೆ. ಉಳುಕಿಗಿಂತ ದೊಡ್ಡ ಪೆಟ್ಟಿಗೆ ಹೇಳಿದ ಮಾತದು. ಆದರೂ ಅದರಲ್ಲಿ ದಿನದ ಲೆಕ್ಕ ಇದೆ ಅನ್ನೋದು ಗಮನಿಸಿ. 1928ರಲ್ಲಿ ಅಮೆರಿಕದ ಹೆರಾಲ್ಡ್ ಕ್ರೋ ಕುತ್ತಿಗೆ ಚಾಟಿಯಂತೆ ಹೊಡೆದುಕೊಳ್ಳುವ ಪೆಟ್ಟಿಗೆ ‘ವಿಪ್ಲ್ಯಾಶ್’ ಎಂದರು. ಮೋಟಾರು ಹೆಚ್ಚಿದಂತೆ ಆ ಹೆಸರೂ ಹರಡಿತು, ಕಾಲರೂ ಹರಡಿತು. 1995ರಲ್ಲಿ, ನಮ್ಮ ಭೂಕಂಪವಾಗಿ ಎರಡು ವರ್ಷಕ್ಕೆ, ಕೆನಡಾದ ಕ್ವಿಬೆಕ್ ತಜ್ಞರ ತಂಡ ವಾಹನ ಅಪಘಾತದ ಇಂಥ ನೋವನ್ನು ದರ್ಜೆಗಳಾಗಿ ವಿಂಗಡಿಸಿತು. ಎಲುಬು ಮುರಿಯದ, ನರಕ್ಕೆ ಪೆಟ್ಟಾಗದ ಗೋಣನ್ನು ಬಹಳ ದಿನ ಕಟ್ಟಿಡಬೇಡಿ, ಬೇಗ ದಿನದ ಕೆಲಸಕ್ಕೆ ಮರಳಿಸಿ ಎಂದಿತು.

ಇದರ ಹಿಂದಿನ ತರ್ಕ ಇಷ್ಟು: ಹರಿದ ನಾರು ವಾರಗಳಲ್ಲಿ ಕೂಡುತ್ತದೆ, ತಿಂಗಳುಗಳಲ್ಲಿ ಗಟ್ಟಿಯಾಗುತ್ತದೆ. ಹದವಾದ ಚಲನೆ ಇದ್ದರೆ ಎಳೆಗಳು ಸರಿಯಾದ ದಿಕ್ಕಿನಲ್ಲಿ ಕೂಡುತ್ತವೆ. ಅಲುಗದಿದ್ದರೆ ಸ್ನಾಯು ಸೊರಗಿ ಕೀಲು ಬಿಗಿಯುತ್ತದೆ.

ಆದರೆ ಕ್ರಮ ತಪ್ಪಬಾರದು. ತಲೆಯ ಮೇಲೆ ಭಾರ ಬಿದ್ದಿದ್ದರೆ, ಕೈಕಾಲು ಜೋಮು ಹಿಡಿದರೆ, ಬಲ ಕುಂದಿದರೆ, ವಯಸ್ಸು 65 ದಾಟಿದ್ದರೆ ಮೊದಲು ಅಲುಗಿಸದೆ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಬೇಕು. ಆಗ ಉಳುಕು ತೆಗೆಯುವವರ ಕೈಗೆ ಗೋಣು ಕೊಡೋದು ಅಪಾಯ. ಮುರಿದಿಲ್ಲ ಅಂತ ಖಾತ್ರಿಯಾದ ಮೇಲೆ ನೋವಿಗೆ ಔಷಧ, ಬೇಕಾದಷ್ಟು ಶಾಖ, ದಿನವೂ ತುಸುತುಸು ತಿರುಗಿಸೋದು.

ಆಯಿಯ ಪ್ರಶ್ನೆಗೆ ಉತ್ತರ ಇದು: ಎಲುಬು ಮುರಿದಿರಲಿಲ್ಲ, ಅದನ್ನು ಹಿಡಿದ ನಾರು ಹರಿದಿತ್ತು. ಮಿಕ್ಕಿದ್ದನ್ನು ನಾವು ಕಟ್ಟಿಟ್ಟು ಕೆಡಿಸಿದೆವು. ಭೂಕಂಪದ ನೆನಪು ಸಂಗ್ರಹಿಸಲು ಹಳ್ಳಿಗೆ ಹೋಗುವ ಗೆಳೆಯರಿಗೆ ನನ್ನದೊಂದು ವಿನಂತಿ: ಯಾರು ಸತ್ತರು ಅಂತ ಕೇಳಿದ ಮೇಲೆ, ಉಳಿದವರ ಗೋಣು ತಿರುಗುತ್ತದಾ ಅಂತಲೂ ಕೇಳಿ, ಬರೆದುಕೊಳ್ಳಿ.