ಮಹಿಳೆಯರಲ್ಲಿ ಕ್ಲಮೈಡಿಯಾ ಸೋಂಕಿನ ಪ್ರತಿಜೀವಕ ಚಿಕಿತ್ಸೆ

ಕ್ಲಮೈಡಿಯಾ ಸೋಂಕು ಕ್ಲಮೈಡಿಯಾ ಟ್ರಾಕೊಮ್ಯಾಟಿಸ್ ಎಂಬ ಬ್ಯಾಕ್ಟೀರಿಯಾದಿಂದ ಉಂಟಾಗುವ, ಲೈಂಗಿಕ ಸಂಪರ್ಕದಿಂದ ಹರಡುವ ರೋಗ. ಸ್ತ್ರೀಯರಲ್ಲಿ ಇದು ಸಾಮಾನ್ಯವಾಗಿ ಮೊದಲು ಗರ್ಭಕಂಠದಲ್ಲಿ ನೆಲೆಸುತ್ತದೆ. ಸೋಂಕಿತ ಸ್ತ್ರೀಯರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಕೆಲವರಲ್ಲಿ ಮಾತ್ರ ಬಿಳಿಮುಟ್ಟು, ಉರಿಮೂತ್ರ, ಸಂಭೋಗದ ನಂತರ ರಕ್ತಸ್ರಾವ ಕಂಡುಬರುತ್ತವೆ. ಚಿಕಿತ್ಸೆಯಿಲ್ಲದೆ ಉಳಿದರೆ ಸೋಂಕು ಗರ್ಭಕೋಶದ ಮೂಲಕ ಅಂಡನಾಳಗಳಿಗೆ ಏರಿ ಉರಿಯೂತವನ್ನುಂಟುಮಾಡಬಹುದು. ಇದರಿಂದ ನಾಳಗಳು ಮುಚ್ಚಿ ಬಂಜೆತನ ಬರುವ, ಇಲ್ಲವೆ ಗರ್ಭಕೋಶದ ಹೊರಗೆ ಗರ್ಭ ನಿಲ್ಲುವ ಅಪಾಯವಿದೆ. ಪ್ರತಿಜೀವಕವು ಸೋಂಕನ್ನು ನಿವಾರಿಸಬಲ್ಲುದೇ ಹೊರತು ಈಗಾಗಲೇ ಹಾನಿಗೊಂಡ ನಾಳವನ್ನು ಸರಿಪಡಿಸಲಾರದು. ಆದುದರಿಂದ ಚಿಕಿತ್ಸೆ ಬೇಗನೆ ದೊರೆಯುವುದು ಮುಖ್ಯ.

ಔಷಧಗಳು

ಈ ಬ್ಯಾಕ್ಟೀರಿಯಾ ದೇಹದ ಜೀವಕೋಶದೊಳಗೆ ಮಾತ್ರ ವೃದ್ಧಿಯಾಗುವುದರಿಂದ ಔಷಧವೂ ಜೀವಕೋಶದ ಒಳಹೊಕ್ಕು ಕೆಲಸ ಮಾಡಬೇಕು. ಟೆಟ್ರಾಸೈಕ್ಲಿನ್ ವರ್ಗದ ಡಾಕ್ಸಿಸೈಕ್ಲಿನ್ ಮತ್ತು ಮ್ಯಾಕ್ರೊಲೈಡ್ ವರ್ಗದ ಅಜಿತ್ರೊಮೈಸಿನ್ ಅಂಥವು. (ಟೆಟ್ರಾಸೈಕ್ಲಿನ್ ವರ್ಗದ ಮೊದಲ ಔಷಧವಾದ ಆರಿಯೊಮೈಸಿನ್ ಹೊರಬಂದದ್ದು 1948ರಲ್ಲಿ, ಭಾರತೀಯ ವಿಜ್ಞಾನಿ ಯೆಲ್ಲಾಪ್ರಗಡ ಸುಬ್ಬರಾವ್ ಸಂಶೋಧನಾ ನಿರ್ದೇಶಕರಾಗಿದ್ದ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಿಂದ.)

ಬಹುಕಾಲ ಈ ಎರಡು ಔಷಧಗಳನ್ನೂ ಸಮಾನವೆಂದು ಎಣಿಸಲಾಗಿತ್ತು. ಒಂದೇ ಬಾರಿ 1 ಗ್ರಾಂ ನುಂಗಿದರೆ ಸಾಕಾಗುವ ಅಜಿತ್ರೊಮೈಸಿನ್ ವೈದ್ಯರಿಗೂ ರೋಗಿಗಳಿಗೂ ಅನುಕೂಲವಾಗಿತ್ತು. ಆದರೆ ಗುದನಾಳದ ಸೋಂಕಿನಲ್ಲಿ ಅದು ಡಾಕ್ಸಿಸೈಕ್ಲಿನ್‌ನಷ್ಟು ಫಲಕಾರಿಯಲ್ಲವೆಂದು ಅಧ್ಯಯನಗಳು ತೋರಿಸಿದವು. ಸ್ತ್ರೀಯರಲ್ಲಿ ಗರ್ಭಕಂಠದ ಜೊತೆಗೆ ಗುದನಾಳದಲ್ಲಿಯೂ ಸೋಂಕು ಅರಿವಿಲ್ಲದೆಯೇ ಇರಬಹುದು. ಹೀಗಾಗಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2021ರ ಮಾರ್ಗಸೂಚಿಯು ಡಾಕ್ಸಿಸೈಕ್ಲಿನ್ ಅನ್ನು ಮೊದಲ ಆಯ್ಕೆಯಾಗಿಸಿತು: 100 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, 7 ದಿನ. ಸೋಂಕು ಅಂಡನಾಳಗಳಿಗೆ ಏರಿದ್ದರೆ ಇತರ ಔಷಧಗಳೊಂದಿಗೆ 14 ದಿನ ಕೊಡಲಾಗುತ್ತದೆ.

ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಲೋಟ ತುಂಬ ನೀರಿನೊಂದಿಗೆ ನುಂಗಬೇಕು. ನುಂಗಿದ ಕೂಡಲೇ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ರಕ್ತಹೀನತೆಗೆಂದು ಕಬ್ಬಿಣಾಂಶದ ಮಾತ್ರೆ ಸೇವಿಸುವ ಸ್ತ್ರೀಯರು ನಮ್ಮಲ್ಲಿ ಬಹಳ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಈ ಔಷಧವು ರಕ್ತಕ್ಕೆ ಸೇರುವುದನ್ನು ತಡೆಯುವುದರಿಂದ ಅವುಗಳನ್ನು ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕಾಗುತ್ತದೆ.

ಗರ್ಭಿಣಿಯರಲ್ಲಿ

ಡಾಕ್ಸಿಸೈಕ್ಲಿನ್ ಭ್ರೂಣದ ಹಲ್ಲುಗಳಿಗೆ ಬಣ್ಣ ಹಿಡಿಸಬಲ್ಲುದಾದ್ದರಿಂದ ಗರ್ಭಿಣಿಯರಿಗೆ ಅಜಿತ್ರೊಮೈಸಿನ್ 1 ಗ್ರಾಂ ಒಂದೇ ಬಾರಿ ಕೊಡುತ್ತಾರೆ. ಅದು ಒಗ್ಗದಿದ್ದರೆ ಅಮಾಕ್ಸಿಸಿಲಿನ್. ಚಿಕಿತ್ಸೆ ಪಡೆಯದ ತಾಯಿಯಿಂದ ಹೆರಿಗೆಯ ವೇಳೆ ಶಿಶುವಿಗೆ ಸೋಂಕು ತಗುಲಿ ಕಣ್ಣಿನ ಉರಿಯೂತ ಅಥವಾ ನ್ಯುಮೋನಿಯಾ ಬರಬಹುದು. ಗರ್ಭಿಣಿಯರಲ್ಲಿ ಸುಮಾರು 4 ವಾರಗಳ ನಂತರ ಮರುಪರೀಕ್ಷೆ ಅಗತ್ಯ. ಅದಕ್ಕೂ ಮೊದಲು ಪರೀಕ್ಷಿಸಿದರೆ ಸತ್ತ ಬ್ಯಾಕ್ಟೀರಿಯಾದ ಅವಶೇಷವೇ ಸೋಂಕೆಂದು ತೋರಬಹುದು.

ಸಂಗಾತಿಯ ಚಿಕಿತ್ಸೆ

ಚಿಕಿತ್ಸೆಯ ನಂತರವೂ ಸೋಂಕು ಕಂಡುಬಂದರೆ ಅದಕ್ಕೆ ಸಾಮಾನ್ಯ ಕಾರಣ ಔಷಧದ ಸೋಲಲ್ಲ, ಚಿಕಿತ್ಸೆ ಪಡೆಯದ ಸಂಗಾತಿಯಿಂದ ಮತ್ತೆ ತಗುಲಿದ ಸೋಂಕು. ಹೆಂಡತಿ ಮಾತ್ರೆ ನುಂಗಿ ಗಂಡ ಸುಮ್ಮನಿದ್ದರೆ ಪ್ರಯೋಜನವಿಲ್ಲ. ಹಿಂದಿನ 60 ದಿನಗಳ ಸಂಗಾತಿಗಳೆಲ್ಲರಿಗೂ ಚಿಕಿತ್ಸೆಯಾಗಬೇಕು; ಏಳು ದಿನಗಳ ಔಷಧ ಮುಗಿಯುವವರೆಗೆ, ಒಂದೇ ಬಾರಿಯ ಔಷಧವಾದರೆ ನುಂಗಿದ ನಂತರ 7 ದಿನ, ಲೈಂಗಿಕ ಸಂಪರ್ಕ ಕೂಡದು. ಸುಮಾರು 3 ತಿಂಗಳ ನಂತರ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಲು ಸೂಚಿಸಲಾಗುತ್ತದೆ.

ಭಾರತದಲ್ಲಿ

ಕರ್ನಾಟಕವೂ ಸೇರಿದಂತೆ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲಕ್ಷಣಗಳನ್ನು ಆಧರಿಸಿ ಚಿಕಿತ್ಸೆ ನೀಡುವ ಪದ್ಧತಿ ಬಹುಕಾಲದಿಂದ ಬಳಕೆಯಲ್ಲಿದೆ. ಗರ್ಭಕಂಠದ ಉರಿಯೂತಕ್ಕೆ ಅಜಿತ್ರೊಮೈಸಿನ್ ಮತ್ತು ಸೆಫಿಕ್ಸಿಮ್ ಇರುವ ಬೂದು ಬಣ್ಣದ ಪೊಟ್ಟಣ ಕೊಡಲಾಗುತ್ತದೆ, ಎರಡನೆಯದು ಗೊನೋರಿಯಾಕ್ಕೆ. ಪ್ರಯೋಗಾಲಯವಿಲ್ಲದ ಊರಿನಲ್ಲಿಯೂ ಅದೇ ದಿನ ಔಷಧ ಕೈಸೇರುವುದು ಈ ಪದ್ಧತಿಯ ದೊಡ್ಡ ಗುಣ. ಆದರೆ ಬಿಳಿಮುಟ್ಟಿಗೆ ಬೇರೆ ಕಾರಣಗಳೇ ಹೆಚ್ಚಾದ್ದರಿಂದ ಅನೇಕರಿಗೆ ಅನಗತ್ಯವಾಗಿ ಪ್ರತಿಜೀವಕ ಸಲ್ಲುತ್ತದೆ. ಲಕ್ಷಣಗಳೇ ಇಲ್ಲದ ಸ್ತ್ರೀ ಮಾತ್ರ ಕ್ಲಿನಿಕ್‌ಗೆ ಬರುವುದೇ ಇಲ್ಲ.