ಅಂಗೈಯಗಲದ ಲಿನಕ್ಸ್

ಹಳೆಯ ಕಂಪ್ಯೂಟರಿಗೆ ಹಗುರವಾದ ಲಿನಕ್ಸ್ ಹುಡುಕುವವರು ಸಾಮಾನ್ಯವಾಗಿ 1996ರಲ್ಲಿ ಶುರುವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, 2003ರ ಪಪ್ಪಿ ಲಿನಕ್ಸ್, 2006ರ ಎಲ್‌ಎಕ್ಸ್‌ಡಿಇ ಡೆಸ್ಕ್‌ಟಾಪ್‌ಗಳತ್ತ ನೋಡುತ್ತಾರೆ. ಲಿನಕ್ಸ್‌ನಲ್ಲೇ ನಡೆಯುತ್ತಿದ್ದ ಬೆಂಗಳೂರಿನ ಅಂಗೈ ಕಂಪ್ಯೂಟರ್ ಸಿಂಪ್ಯೂಟರ್ ಅವರಿಗೆ ನೆನಪಾಗುವುದು ಅಪರೂಪ. ಅದು ಅನ್ಯಾಯ.

ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಅವರು ಎನ್‌ಕೋರ್ ಕಂಪನಿಯವರ ಜೊತೆಗೂಡಿ 2001ರಲ್ಲಿ ಜನರ ಮುಂದಿಟ್ಟ ಯಂತ್ರವದು. ಹಳ್ಳಿಯ ಓದು ಬಾರದ ರೈತನಿಗೂ ದಕ್ಕಬೇಕೆಂಬುದು ಅದರ ಹಿಂದಿನ ಕನಸು.

ಒಳಗಿದ್ದದ್ದು ಎಷ್ಟು? 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, 32 ಮೆಗಾಬೈಟ್ ಮೆಮೊರಿ. ಹಾರ್ಡ್ ಡಿಸ್ಕ್ ಇಲ್ಲ, ಕೀಬೋರ್ಡ್ ಇಲ್ಲ. ಅಂಗೈಯಗಲದ ಪರದೆಯನ್ನು ಕಡ್ಡಿಯಿಂದ ಮುಟ್ಟಿ ಕೆಲಸ ಮಾಡಬೇಕು. ಇಷ್ಟರಲ್ಲಿ ಕೆಡಿಇ, ಗ್ನೋಮ್‌ನಂಥ ಭಾರೀ ಡೆಸ್ಕ್‌ಟಾಪ್ ಹಿಡಿಸುವ ಮಾತೇ ಇಲ್ಲ. ಹಾಗಾಗಿ ಪಿಕೊಪೇಟ ಕಂಪನಿಯ ಅಮಿಡ ಮಾದರಿಗೆ ಆಲ್ಕೆಮಿ, ಎನ್‌ಕೋರ್ ಮಾದರಿಗೆ ಮ್ಯಾಚ್‌ಬಾಕ್ಸ್ ಎಂಬ ಪುಟ್ಟ ವಿಂಡೋ ಮ್ಯಾನೇಜರುಗಳು ಬಂದವು. ಬರಹವನ್ನು ಗಟ್ಟಿಯಾಗಿ ಓದಿ ಹೇಳುವ 'ಧ್ವನಿ' ತಂತ್ರಾಂಶವೂ ಈ ಕೆಲಸದಿಂದಲೇ ಹುಟ್ಟಿತು. ಅದಕ್ಕೆ ಕನ್ನಡ ಬರುತ್ತಿತ್ತು. ಸಿಂಪ್ಯೂಟರಿನ ನಿಜವಾದ ಸಾಧನೆ ಇದೇ: ಯಂತ್ರ ಸಣ್ಣದಾದರೂ ಭಾಷೆಯನ್ನು ಕೈಬಿಡಲಿಲ್ಲ.

ಅದೇ ವರ್ಷಗಳಲ್ಲಿ ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ ಕೈಬರಹದ ಪಹಣಿಗಳನ್ನು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಏರಿಸುತ್ತಿತ್ತು. ರಾಜ್ಯ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಸಿಂಪ್ಯೂಟರನ್ನೂ ಬಳಸಿತು.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ತಯಾರಿಸಿದ ಅಮಿಡ ಮಾರುಕಟ್ಟೆಗೆ ಬಂತು. ಮಾರಾಟ ಮಾತ್ರ ಕೆಲವೇ ಸಾವಿರಕ್ಕೆ ನಿಂತಿತು.