ಕದ್ದು ಬಾಳಬೇಡ ಅಂದ ಅಪ್ಪ, ಸಾವಿರ ರೆಕಾರ್ಡು

ಅಮೆರಿಕದ ಹಾಡಿನ ಚರಿತ್ರೆ ಬರೆಯುವವರು ಯಾವ ಕಂಪನಿಯ ರೆಕಾರ್ಡು ಎಷ್ಟು ಲಕ್ಷ ಮಾರಾಟವಾಯಿತು ಎಂಬ ಲೆಕ್ಕದಿಂದಲೇ ಶುರು ಮಾಡುತ್ತಾರೆ. ನಾವು ಬರೀ ಒಂದು ಸಾವಿರ ರೆಕಾರ್ಡಿನಿಂದ ಶುರು ಮಾಡುತ್ತೇವೆ. 1973ರಲ್ಲಿ ಸಿಯಾಟಲ್ ಎಂಬ ಊರಿನಲ್ಲಿ ನಾಲ್ಕು ಜನ ಸೇರಿ, ಯಾವ ಕಂಪನಿಯ ಹಂಗೂ ಇಲ್ಲದೆ, ತಮ್ಮಂಥವರ ಸಂಘವೊಂದರ ನೆರವಿನಿಂದ ಒತ್ತಿಸಿದ ಸಾವಿರ ರೆಕಾರ್ಡು. ತಂಡಕ್ಕೂ ರೆಕಾರ್ಡಿಗೂ ಒಂದೇ ಹೆಸರು: 'ಲ್ಯಾವೆಂಡರ್ ಕಂಟ್ರಿ'. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವ ಬಾಳನ್ನು ಬಚ್ಚಿಡದೆ ಹಾಡಿದ ಮೊದಲ ಕಂಟ್ರಿ ಸಂಗೀತದ ಆಲ್ಬಮ್ ಅದು ಎಂದು ಈಗ ಎಲ್ಲರೂ ಒಪ್ಪುತ್ತಾರೆ. ಆಗ ಒಪ್ಪುವುದಿರಲಿ, ಕೇಳಿಸಿಕೊಂಡವರೂ ಕಮ್ಮಿ.

ಇಲ್ಲೊಂದು ಮಾತು. ಇಂಥವರನ್ನು ನಾವು ಕನ್ನಡದಲ್ಲಿ 'ಸಲಿಂಗಕಾಮಿ' ಅಂತಲೇ ಕರೆಯುತ್ತಾ ಬಂದಿದ್ದೇವೆ. ಬೇರೆ ಜೋಡಿ ಓಡಿಹೋದರೆ ಪ್ರೇಮಿಗಳು, ಇವರು ಮಾತ್ರ ಕಾಮಿಗಳು. ಪ್ರೇಮ ಅನ್ನುವುದಕ್ಕೆ ನಮ್ಮ ನಾಲಗೆ ಹೊರಳಲಿಲ್ಲ. ಪ್ರಗತಿಪರರು ಅನ್ನಿಸಿಕೊಂಡ ನಮ್ಮ ನಾಲಗೆಯೂ ಹೊರಳಲಿಲ್ಲ. ಅದಕ್ಕೇ ಈ ಬರಹದಲ್ಲಿ ಸಲಿಂಗಪ್ರೇಮ ಎಂದೇ ಬರೆಯುತ್ತೇವೆ.

ತಂಡ ಕಟ್ಟಿದವನ ಹೆಸರು ಪ್ಯಾಟ್ರಿಕ್ ಹ್ಯಾಗರ್ಟಿ. ಹುಟ್ಟಿದ್ದು 1944ರಲ್ಲಿ. ವಾಷಿಂಗ್ಟನ್ ರಾಜ್ಯದ ಪೋರ್ಟ್ ಏಂಜಲಿಸ್ ಎಂಬ ಪೇಟೆಯ ಹತ್ತಿರ ಡ್ರೈ ಕ್ರೀಕ್ ಎಂಬಲ್ಲಿ ಅಪ್ಪನದು ಗೇಣಿಯ ಹೈನುಗಾರಿಕೆ. ಮನೆಯಲ್ಲಿ ಹತ್ತು ಮಕ್ಕಳು. ದನ ಮೇಯಿಸುವುದು, ಹಾಲು ಕರೆಯುವುದು, ಸಗಣಿ ಬಾಚುವುದು. ಈ ಹುಡುಗನ ನಡೆನುಡಿ ಉಳಿದ ಹುಡುಗರಂತಿಲ್ಲ ಎಂಬುದು ಅಪ್ಪನಿಗೆ ಮೊದಲೇ ಗೊತ್ತಾಗಿತ್ತು. ಬಾರುಕೋಲು ಹುಡುಕುವ ಬದಲು ಮಗನಿಗೆ ಒಂಬತ್ತು ವರ್ಷವಾದಾಗ ಗಿಟಾರು ಕೊಡಿಸಿದ.

1959ರ ಒಂದು ದಿನದ ಕಥೆಯನ್ನು ಹ್ಯಾಗರ್ಟಿ ಮುದುಕನಾದ ಮೇಲೂ ಮತ್ತೆ ಮತ್ತೆ ಹೇಳುತ್ತಿದ್ದ. ಶಾಲೆಯ ಸಭೆಯಲ್ಲಿ ಕುಣಿದು ಹುರಿದುಂಬಿಸುವ ತಂಡದ ಆಯ್ಕೆ. ಹುಡುಗ ಮುಖದ ತುಂಬಾ ಮಿಂಚಿನ ಪುಡಿ ಬಳಿದುಕೊಂಡು ಹೊರಟ. ಅಣ್ಣನಿಗೆ ಗಾಬರಿಯಾಗಿ ಅಪ್ಪನಿಗೆ ಫೋನು ಮಾಡಿದ. ಅಪ್ಪ ಕೆಲಸ ಬಿಟ್ಟು, ಸಗಣಿ ಮೆತ್ತಿದ ಬಟ್ಟೆಯಲ್ಲೇ ಶಾಲೆಗೆ ಬಂದ. ದೂರದಿಂದ ಅಪ್ಪನನ್ನು ನೋಡಿದ ಮಗ ಮರೆಗೆ ಸರಿದು ಅವಿತುಕೊಂಡ. ಯಾಕೆ? ಮುಖದ ಮಿಂಚಿಗೆ ನಾಚಿ ಅಲ್ಲ, ಅಪ್ಪನ ಸಗಣಿ ಬಟ್ಟೆಗೆ ನಾಚಿ! ಓದಲು ಪೇಟೆಗೆ ಹೋದ ನಮ್ಮಲ್ಲಿ ಎಷ್ಟು ಜನ ಹಾಸ್ಟೆಲ್ ಬಾಗಿಲಿಗೆ ಬಂದ ಅಪ್ಪನನ್ನು 'ಊರಿನವರು' ಅಂತ ಪರಿಚಯಿಸಿಲ್ಲ?

ಮನೆಗೆ ಹೋಗುವ ದಾರಿಯಲ್ಲಿ, ಕಾರಿನೊಳಗೆ, ಅಪ್ಪ ಮಾತು ತೆಗೆದ. ನಾನು ದನ ಸಾಕುವವ, ಅದು ಎಲ್ಲರಿಗೂ ಗೊತ್ತು, ಅದರಲ್ಲಿ ಮುಚ್ಚಿಡುವಂಥದ್ದೇನಿದೆ ಎಂಬರ್ಥದಲ್ಲಿ ಹೇಳಿದ. ಆಮೇಲೆ ಕೇಳಿದ: ನೀನು ದೊಡ್ಡವನಾದ ಮೇಲೆ ಯಾರ ಜೊತೆ ಓಡಾಡುವವನು? ಮಗ ಬಾಯಿಬಿಡಲಿಲ್ಲ. ಅಪ್ಪನಿಗೆ ಉತ್ತರ ಬೇಕಾಗಿರಲಿಲ್ಲ. ಯಾರ ಜೊತೆಗಾದರೂ ಇರು, ಕದ್ದು ಮಾತ್ರ ಬಾಳಬೇಡ; ಕದ್ದು ಬಾಳಿದರೆ ತಪ್ಪು ಮಾಡುತ್ತಿದ್ದೇನೆ ಅಂತ ನೀನೇ ಒಪ್ಪಿಕೊಂಡ ಹಾಗೆ, ಅದು ಒಳಗಿನ ಜೀವವನ್ನೇ ತಿಂದುಹಾಕುತ್ತದೆ ಎಂದ. ವಿಶ್ವವಿದ್ಯಾಲಯದ ಪಂಡಿತರೂ ಡಾಕ್ಟರರೂ ಇದನ್ನು ರೋಗ ಎನ್ನುತ್ತಿದ್ದ ಕಾಲ ಅದು. ಅಮೆರಿಕದ ಮನೋವೈದ್ಯರ ಸಂಘ ರೋಗಗಳ ಪಟ್ಟಿಯಿಂದ ಸಲಿಂಗಪ್ರೇಮವನ್ನು ತೆಗೆದದ್ದು 1973ರ ಡಿಸೆಂಬರಿನಲ್ಲಿ. ಗೇಣಿ ರೈತ ಅವರಿಗಿಂತ ಹದಿನಾಲ್ಕು ವರ್ಷ ಮುಂದಿದ್ದ.

ಮುಂದೆ ಹ್ಯಾಗರ್ಟಿ ಪೀಸ್ ಕೋರ್ ಸೇರಿ ನಮ್ಮ ದೇಶಕ್ಕೇ ಬಂದ. ಅರವತ್ತರ ದಶಕದಲ್ಲಿ ಕೋಳಿ ಸಾಕಣೆ, ಬೇಸಾಯ ಅಂತ ಹಳ್ಳಿಗಳಲ್ಲಿ ಸೈಕಲ್ ತುಳಿಯುತ್ತಿದ್ದ ಬಿಳಿ ಹುಡುಗರನ್ನು ಹಿರಿಯ ಮೇಷ್ಟ್ರುಗಳು ನೆನೆಸಿಕೊಳ್ಳಬಹುದು. 1966ರಲ್ಲಿ, ಈತ ಗಂಡಸನ್ನು ಪ್ರೀತಿಸುವವನು ಎಂಬ ಒಂದೇ ಕಾರಣಕ್ಕೆ ಕೆಲಸದಿಂದ ತೆಗೆದುಹಾಕಿದರು. ಹೊರಗೆ ಹಾಕಿದ್ದು ಅಮೆರಿಕದ ಸರಕಾರ. ಇಲ್ಲಿಯ ಕಾನೂನೇನೂ ಕರುಣೆಯದಾಗಿರಲಿಲ್ಲ. ಬ್ರಿಟಿಷರು 1860ರಲ್ಲಿ ಬರೆದಿಟ್ಟ 377ನೆಯ ಕಲಮು ನಮ್ಮಲ್ಲಿ 2018ರ ಸೆಪ್ಟೆಂಬರ್ 6ರ ತೀರ್ಪಿನವರೆಗೂ ಜೀವ ಹಿಡಿದುಕೊಂಡಿತ್ತು.

1969ರ ಜೂನ್ ಕೊನೆಯಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಎಂಬ ಹೆಂಡದಂಗಡಿಗೆ ಪೊಲೀಸರು ನುಗ್ಗಿದರು. ಅಲ್ಲಿದ್ದವರು ಈ ಸಲ ತಲೆತಗ್ಗಿಸದೆ ತಿರುಗಿಬಿದ್ದರು. ಆ ಸುದ್ದಿ ಹ್ಯಾಗರ್ಟಿಯನ್ನೂ ಬಯಲಿಗೆ ತಂದಿತು. ಸಿಯಾಟಲ್‌ಗೆ ಓದಲು ಹೋದವನು ಗೇ ಲಿಬರೇಶನ್ ಫ್ರಂಟ್ ಸೇರಿ, 1972ರಲ್ಲಿ ತಂಡ ಕಟ್ಟಿದ. ಪಿಟೀಲಿಗೆ ಈವ್ ಮಾರಿಸ್, ಕೀಬೋರ್ಡಿಗೆ ಮೈಕೆಲ್ ಕಾರ್, ಗಿಟಾರಿಗೆ ರಾಬರ್ಟ್ ಹ್ಯಾಮರ್‌ಸ್ಟ್ರೋಮ್.

ಕಂಟ್ರಿ ಸಂಗೀತವನ್ನೇ ಯಾಕೆ ಹಿಡಿದ? ಹಟ್ಟಿಯಲ್ಲಿ ಕೇಳಿ ಬೆಳೆದದ್ದು ಅದೇ. ಆದರೆ ಆ ಸಂಗೀತಕ್ಕೂ ಒಂದು ರಾಜಕೀಯವಿದೆ. 1920ರ ದಶಕದಲ್ಲಿ ರೆಕಾರ್ಡು ಕಂಪನಿಗಳು ಕಪ್ಪು ಜನರ ಹಾಡನ್ನು 'ರೇಸ್' ಎಂದೂ ಬಡ ಬಿಳಿಯರ ಹಾಡನ್ನು 'ಹಿಲ್‌ಬಿಲಿ' ಎಂದೂ ಬೇರೆ ಬೇರೆ ಪಟ್ಟಿಯಲ್ಲಿ ಮಾರಿ ಹಾಡಿನಲ್ಲೂ ಪಂಕ್ತಿಭೇದ ಮಾಡಿದವು. ಆಫ್ರಿಕಾದಿಂದ ಹೊತ್ತು ತಂದ ಗುಲಾಮರು ಕಟ್ಟಿದ ವಾದ್ಯ ಬ್ಯಾಂಜೋ. ಅದು ಬಿಳಿಯರ ಹಾಡಿನ ಗುರುತಾಗಿ ಕುಳಿತಿತು. ದೇವರು, ದೇಶ, ಸಂಸಾರ ಎಂದು ಮಾರುವ ಆ ಸರಕಿನೊಳಕ್ಕೆ ಗೇಣಿ ರೈತನ ಮಗ ತನ್ನ ಪ್ರೀತಿಯನ್ನು ತಂದಿಟ್ಟ.

ರೆಕಾರ್ಡು ಅಂಗಡಿಗೆ ಹೋಗಲಿಲ್ಲ. ತಮ್ಮವರ ಸಣ್ಣ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಅಂಚೆಯಲ್ಲಿ ಕಳಿಸಿದರು. ಚಂದಾ ಹಣದ ಮನಿಯಾರ್ಡರು ಕಾಯುತ್ತಾ ಕೂರುವ ನಮಗೆ ಈ ಪಾಡು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಹಾಡಿನ ಶೀರ್ಷಿಕೆಯಲ್ಲೇ ಇಂಥವರನ್ನು ಹಳಿಯಲು ಬಳಸುವ ಬೈಗುಳವಿತ್ತು. ಬೈಸಿಕೊಂಡವನೇ ಅದನ್ನು ಎತ್ತಿಕೊಂಡು ಹಾಡಿದ್ದ. ಸಿಯಾಟಲ್‌ನ ಕೆ.ಆರ್.ಎ.ಬಿ. ರೇಡಿಯೋದಲ್ಲಿ ಅದನ್ನು ಹಾಕಿದ ಹೆಣ್ಣುಮಗಳು ತನ್ನ ಪ್ರಸಾರದ ಲೈಸೆನ್ಸನ್ನೇ ಕಳೆದುಕೊಂಡಳು. ಬೈಗುಳವನ್ನು ಬೀದಿಯಲ್ಲಿ ಕೂಗಿದವರ ಯಾವ ಲೈಸೆನ್ಸೂ ಹೋಗಲಿಲ್ಲ.

ಅದೇ 1973ರಲ್ಲಿ ಅಮೆರಿಕದ ಇನ್ನೊಂದು ತುದಿಯಲ್ಲಿ, ರಾಜಧಾನಿ ವಾಷಿಂಗ್ಟನ್‌ನಲ್ಲಿ, ಕೆಲವು ಹೆಂಗಸರು 'ಒಲಿವಿಯಾ ರೆಕಾರ್ಡ್ಸ್' ಕಟ್ಟಿದರು. ಗಾಯಕಿ ಕ್ರಿಸ್ ವಿಲಿಯಮ್ಸನ್ ರೇಡಿಯೋ ಸಂದರ್ಶನದಲ್ಲಿ, ಹೆಂಗಸರದ್ದೇ ಒಂದು ರೆಕಾರ್ಡು ಕಂಪನಿ ಯಾಕಾಗಬಾರದು ಅಂದದ್ದೇ ನೆಪ. ಹಾಡುವುದು, ಮುದ್ರಿಸುವುದು, ಊರೂರಿಗೆ ಹಂಚುವುದು ಎಲ್ಲ ಹೆಂಗಸರೇ. 1974ರಲ್ಲಿ ಅವರು ತಂದ ಮೊದಲ ದೊಡ್ಡ ರೆಕಾರ್ಡಿನಲ್ಲಿ ಮೆಗ್ ಕ್ರಿಶ್ಚಿಯನ್‌ಳ ಒಂದು ಹಾಡಿದೆ: ಶಾಲೆಯ ಹುಡುಗಿಯೊಬ್ಬಳಿಗೆ ವ್ಯಾಯಾಮದ ಟೀಚರ್ ಮೇಲೆ ಹುಟ್ಟಿದ ಮೊದಲ ಒಲವಿನ ಬಗ್ಗೆ. ನಗೆಯ ಹಾಡು ಅದು. ಟೀಚರ್‌ಗೆ ಏನೂ ಗೊತ್ತಿಲ್ಲ, ಹುಡುಗಿಗೂ ತನಗೇನಾಗಿದೆ ಅಂತ ಪೂರ್ತಿ ಗೊತ್ತಿಲ್ಲ. ಅದನ್ನು ಕೇಳುತ್ತಾ ಸಭೆಗೆ ಸಭೆಯೇ ನಗುತ್ತಿತ್ತು. ತಾನೊಬ್ಬಳೇ ಹೀಗೆ ಅಂದುಕೊಂಡು ಬೆಳೆದವರ ನಗೆ ಅದು. ಹಳ್ಳಿ ಶಾಲೆಗಳಲ್ಲಿ ಪಾಠ ಮಾಡುವ ಗೆಳೆಯರೇ, ನಿಮ್ಮ ತರಗತಿಯ ಹಿಂದಿನ ಬೆಂಚಿನಲ್ಲೂ ಹೆಸರಿಲ್ಲದ ಇಂಥ ಒಲವು ಕೂತಿರಬಹುದು. ಅದನ್ನು ಹಂಗಿಸಿ ನಗಿಸುವ ಮೇಷ್ಟ್ರುಗಳನ್ನು ನಾವು ಕಂಡಿದ್ದೇವೆ.

ಹಾಗಂತ ಒಲಿವಿಯಾವನ್ನು ಹೊಗಳಿ ಸುಮ್ಮನಾಗಲು ನಮಗೆ ಮನಸ್ಸಿಲ್ಲ. ಅಲ್ಲಿ ಬಹುಪಾಲು ಬಿಳಿಯ ಹೆಂಗಸರು. ಲಿಂಡಾ ಟಿಲರಿ, ಮೇರಿ ವಾಟ್ಕಿನ್ಸ್, ಗ್ವೆನ್ ಏವರಿ, ಕವಿ ಪ್ಯಾಟ್ ಪಾರ್ಕರ್ ಮೊದಲಾದ ಕಪ್ಪು ಹೆಂಗಸರು 1978ರಲ್ಲಿ ತಮ್ಮದೇ ತಂಡವಾಗಿ ಊರೂರು ಸುತ್ತಿ ಹಾಡಬೇಕಾಯಿತು. ಇವರೇನು ಹೊಸದಾಗಿ ಬಂದವರೇ? 1928ರಲ್ಲೇ ಮಾ ರೇನಿ ಎಂಬ ಕಪ್ಪು ಗಾಯಕಿ ಹೆಂಗಸರ ಜೊತೆ ತಿರುಗಾಡುವ ಮಾತನ್ನು ಬ್ಲೂಸ್ ಹಾಡಿನಲ್ಲಿಟ್ಟು ಸವಾಲು ಹಾಕಿದ್ದಳು. ಹಾರ್ಲೆಮ್‌ನಲ್ಲಿ ಗ್ಲ್ಯಾಡಿಸ್ ಬೆಂಟ್ಲಿ ಗಂಡಸಿನ ಬಿಳಿ ಸೂಟು, ಎತ್ತರದ ಟೋಪಿ ಹಾಕಿ ಪಿಯಾನೋ ಬಾರಿಸುತ್ತಿದ್ದಳು. ಕಾಲ ಕೆಟ್ಟಾಗ, 1952ರಲ್ಲಿ, ನಾನು ವಾಸಿಯಾಗಿ ಮತ್ತೆ ಹೆಂಗಸಾದೆ ಅಂತ ಪತ್ರಿಕೆಯಲ್ಲಿ ಅವಳ ಹೆಸರಿನಲ್ಲೇ ಲೇಖನ ಬಂತು. ಆ ಬರಹದ ಹಿಂದಿನ ಹೆದರಿಕೆಯನ್ನು ಊಹಿಸಿಕೊಳ್ಳಿ.

ಇನ್ನೊಂದು. ಒಲಿವಿಯಾದ ರೆಕಾರ್ಡುಗಳ ಧ್ವನಿ ಹದ ಮಾಡುತ್ತಿದ್ದ ಸ್ಯಾಂಡಿ ಸ್ಟೋನ್ ಗಂಡಾಗಿ ಹುಟ್ಟಿ ಹೆಣ್ಣಾದವಳು. ಅವಳಿದ್ದರೆ ನಿಮ್ಮ ರೆಕಾರ್ಡು ಕೊಳ್ಳುವುದಿಲ್ಲ ಅಂತ ಕೆಲವು ಸ್ತ್ರೀವಾದಿಗಳೇ ಗುಲ್ಲೆಬ್ಬಿಸಿದರು. ಸಂಘದವರು ಮೊದಲು ಅವಳ ಪರ ನಿಂತರೂ ಕೊನೆಗೆ 1970ರ ದಶಕ ಮುಗಿಯುವುದರೊಳಗೆ ಅವಳೇ ಹೊರಗೆ ಹೋದಳು. ಹೊರಗೆ ನಿಂತವರು ತಾವೂ ಒಂದು ಬಾಗಿಲು ಕಟ್ಟಿಕೊಂಡು ಅಗುಳಿ ಹಾಕಿದರು. ಈ ಕಥೆಯನ್ನು ನಮ್ಮ ಚಳವಳಿಗಳಲ್ಲಿರುವ ನಾವೂ ಓದಿಕೊಳ್ಳಬೇಕು.

ಲ್ಯಾವೆಂಡರ್ ಕಂಟ್ರಿ 1974ರಲ್ಲಿ ಸಿಯಾಟಲ್‌ನ ಮೊದಲ ಪ್ರೈಡ್ ಸಮಾರಂಭದಲ್ಲಿ ಹಾಡಿತು. 1976ರಲ್ಲಿ ತಂಡ ಚದುರಿತು. ಈ ರೆಕಾರ್ಡಿನ ಮೇಲೆ ನ್ಯಾಶ್‌ವಿಲ್‌ನಲ್ಲಿ ಬಾಗಿಲು ತೆರೆಯುವುದಿಲ್ಲ ಎಂಬುದು ಹ್ಯಾಗರ್ಟಿಗೆ ಒತ್ತಿಸುವಾಗಲೇ ಗೊತ್ತಿತ್ತು. ಗೊತ್ತಿದ್ದೇ ಒತ್ತಿಸಿದ. ತಾನು ಮಾರ್ಕ್ಸ್‌ವಾದಿ ಎಂದು ಹೇಳಿಕೊಳ್ಳುತ್ತಿದ್ದವನು ವರ್ಣಭೇದದ ವಿರುದ್ಧ, ಬಡವರ ಪರ ಚಳವಳಿಗಳಲ್ಲಿ ದುಡಿದ. ಚುನಾವಣೆಗೂ ನಿಂತು ಸೋತ. ಮುಪ್ಪಿನಲ್ಲಿ ಬ್ರೆಮರ್ಟನ್ ಎಂಬ ಊರಿನಲ್ಲಿದ್ದುಕೊಂಡು ವೃದ್ಧಾಶ್ರಮಗಳಿಗೆ ಹೋಗಿ, ಅಲ್ಲಿನ ಮುದುಕ ಮುದುಕಿಯರಿಗೆ ಅವರ ಯೌವನದ ಹಳೆಯ ಹಾಡುಗಳನ್ನು ಹಾಡುತ್ತಿದ್ದ. ತನ್ನ ಹಾಡುಗಳನ್ನಲ್ಲ.

2014ರಲ್ಲಿ ಸಣ್ಣ ಸ್ವತಂತ್ರ ಸಂಸ್ಥೆಯೊಂದು ಆ ಹಳೆಯ ಆಲ್ಬಮನ್ನು ಮತ್ತೆ ಒತ್ತಿಸಿತು. ಅಜ್ಜನಷ್ಟು ವಯಸ್ಸಾದವನನ್ನು ಮೊಮ್ಮಕ್ಕಳ ಪ್ರಾಯದ ಹಾಡುಗಾರರು ವೇದಿಕೆಗೆ ಕರೆದರು. ಬೈಗುಳದ ಹಾಡನ್ನು ಸಭೆ ಜೊತೆಗೂಡಿ ಹಾಡಿತು. ಎರಡನೆಯ ಆಲ್ಬಮ್ 'ಬ್ಲ್ಯಾಕ್‌ಬೆರಿ ರೋಸ್' ಎಲ್ಲರ ಕೈಗೆ ಸಿಗುವಂತೆ ಹೊರಬಂದದ್ದು 2022ರಲ್ಲಿ, ಮೊದಲನೆಯದು ಬಂದು 49 ವರ್ಷಗಳಾದ ಮೇಲೆ. ಅದೇ ವರ್ಷ ಅಕ್ಟೋಬರ್ 31ರಂದು, 78ನೆಯ ವಯಸ್ಸಿನಲ್ಲಿ, ಹ್ಯಾಗರ್ಟಿ ತೀರಿಕೊಂಡ. ಮುಪ್ಪಿನ ಸಂದರ್ಶನಗಳಲ್ಲಿ ಹಾಡಿನ ಮಾತು ಬಂದಾಗಲೆಲ್ಲ ಆತ ಆ ಕಾರಿನ ದಾರಿಗೂ, ಸಗಣಿ ಮೆತ್ತಿದ ಬಟ್ಟೆಯ ಅಪ್ಪನಿಗೂ ವಾಪಸು ಹೋಗುತ್ತಿದ್ದ.